ತೂಕಪ್ಪನ ಕುರ್ಚಿ

ಅವಳು ಊಟದ ಡಬ್ಬಿ ಹಿಡಿದು ಬಂದಾಗ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಮೂಗು ತಾಗಿಸಿಕೊಂಡು ನಿಂತಿದ್ದವು. ನೆಟ್ ಹೋಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನೆಟ್ ಹೋದ ದಿನ ಹಾರ್ನಿನ ಸದ್ದು ಬೀದಿಯ ತಿರುವಿಗೇ ಕೇಳಿಸುತ್ತಿತ್ತು. ಆ ಸದ್ದು ಕೇಳಿದರೆ ಅವಳ ಕಾಲು ತಾನಾಗಿ ಬಿರುಸಾಗುತ್ತಿತ್ತು.

ಗೋದಾಮಿನ ಲಾರಿಗಳನ್ನು ತೂಗುವ ತೂಕದ ಮನೆಯ ಒಳಗೆ ಗಂಡ ಇರಲಿಲ್ಲ. ಕುರ್ಚಿ ಖಾಲಿ. ಅವನು ಹೊರಗೆ, ಗೋಡೆಗೆ ಆನಿಸಿದ ಏಣಿಯ ತುದಿಯಲ್ಲಿದ್ದ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಸ್ವಿಚ್ಚಿನ ಮೇಲೆ. ಕೆಳಗೆ ಚಾಲಕರು ತಲೆಯೆತ್ತಿ ಅವನ ವಂಶವನ್ನೆಲ್ಲ ನೆನೆಯುತ್ತಿದ್ದರು.

"ಏನು ತೂಕಪ್ಪ, ಮೇಲೆ ಕೂತು ಕಾವು ಕೊಡ್ತಿದೀಯಾ? ಮರಿ ಆದ್ಮೇಲೆ ಹೇಳು, ನಾವು ಆಮೇಲೆ ಬರ್ತೀವಿ."

ಅವನು ಸ್ವಿಚ್ ಆರಿಸಿದ. ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಮತ್ತೆ ಹಾಕಿದ. ಕಬ್ಬಿಣದ ಪಂಜರದೊಳಗಿದ್ದ ನೆಟ್‌ನ ಡಬ್ಬದಲ್ಲಿ ಸಣ್ಣ ದೀಪಗಳು ಮಿಣುಕಿದವು. ಮುಂದಿನ ಕಂಬದ ಕೆಂಪು ದೀಪ ಹಸಿರಾಯಿತು, ಅಡ್ಡಗೋಲು ಎದ್ದಿತು, ಮೊದಲ ಲಾರಿ ಕೆಮ್ಮಿಕೊಂಡು ಹೊರಟಿತು. ಅವನು ಮೇಲಿನಿಂದಲೇ ಹೆಂಡತಿಯನ್ನು ನೋಡಿ ನಕ್ಕ. ತನ್ನ ಕೈಚಳಕ ಅವಳ ಕಣ್ಣಿಗೆ ಬಿತ್ತಲ್ಲ ಎಂಬ ನಗು ಅದು.

ತೂಕಪ್ಪ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ಗೋದಾಮಿನ ಹಮಾಲರು ಇಟ್ಟದ್ದು. ಅವನೂ ಮೊದಲು ಅವರ ಸಾಲಿನಲ್ಲೇ ಮೂಟೆ ಹೊತ್ತವನು. ಒಂದು ಸಲ ಮೂಟೆ ತಪ್ಪಿ ಬೆನ್ನಿನ ಮೇಲೆ ಬಿತ್ತು, ನಡು ಹಿಡಿಯಿತು. ಆಮೇಲೆ ಬಗ್ಗಿದರೆ ಏಳಲಾರ, ಎದ್ದರೆ ಬಗ್ಗಲಾರ. ಅದೇ ಹೊತ್ತಿಗೆ ತೂಕದ ಮನೆಯ ಗುಮಾಸ್ತ ಬಿಟ್ಟುಹೋದ. ಇವನಿಗೆ ಓದು ಬರಹ ಅಷ್ಟಿಷ್ಟು ಬರುತ್ತಿತ್ತು, ಅಂಕಿ ಚೆನ್ನಾಗಿ ಬರುತ್ತಿತ್ತು. ಮ್ಯಾನೇಜರು ಇವನನ್ನು ಕುರ್ಚಿಯಲ್ಲಿ ಕೂರಿಸಿದರು. ಆ ಕುರ್ಚಿ ಹೋದರೆ ಮತ್ತೆ ಮೂಟೆ. ಮೂಟೆ ಹೊರುವ ಬೆನ್ನು ಅವನಲ್ಲಿ ಉಳಿದಿರಲಿಲ್ಲ. ಇದು ಅವನಿಗೂ ಗೊತ್ತು, ಹೆಂಡತಿಗೂ ಗೊತ್ತು, ಮ್ಯಾನೇಜರಿಗಂತೂ ಚೆನ್ನಾಗಿ ಗೊತ್ತು.

ಕುರ್ಚಿ ಸಿಕ್ಕ ಮೇಲೆ ಅವನು ಒಳ್ಳೆಯವನಾಗಿ ಉಳಿಯಲಿಲ್ಲ. ಇಸ್ತ್ರಿ ಶರಟು ಬಂತು, ಕಿಸೆಗೆ ಪೆನ್ನು ಬಂತು, ಬಾಯಿಗೆ ಕೊಬ್ಬು ಬಂತು. ಹಳೆಯ ಜೊತೆಗಾರರು ನೆರಳಿಗೆಂದು ತೂಕದ ಮನೆಯ ಬಾಗಿಲಲ್ಲಿ ನಿಂತರೆ ಆಚೆ ನಿಲ್ಲಿ ಎನ್ನುತ್ತಿದ್ದ. ಲಾರಿ ತೂಗುವ ಹಲಗೆ ಹಳೆಯದು, ತುಕ್ಕು ಹಿಡಿದದ್ದು. ಒಬ್ಬ ಆಳು ನಿಂತರೆ ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. ಬಿಡುವಿದ್ದಾಗ ಅವನು ಯಾರಾದರೂ ಹಮಾಲನನ್ನು ಕರೆದು ಅದರ ಮೇಲೆ ನಿಲ್ಲಿಸುವನು. ಪರದೆಯಲ್ಲಿ ಸೊನ್ನೆ ಬರುವುದು. "ನೋಡಯ್ಯ, ಹುಟ್ಟಿದಾಗಿನಿಂದ ನಿನ್ನ ಬೆಲೆ ಇಷ್ಟೇ" ಎನ್ನುವನು. ಎಲ್ಲರೂ ನಗುವರು. ನಿಂತವನೂ ನಗುವನು. ಮನೆಗೆ ಬಂದು ಅವನು ಇದನ್ನು ಹೇಳಿದರೆ ಹೆಂಡತಿ ಮಾತ್ರ ನಗುತ್ತಿರಲಿಲ್ಲ. ನಿನಗೆ ತಮಾಷೆ ತಿಳಿಯುವುದಿಲ್ಲ ಎಂದು ಬೈಯುತ್ತಿದ್ದ.

ಕೆಲಸ ಕಷ್ಟದ್ದಲ್ಲ. ಲಾರಿ ಹಲಗೆಯ ಮೇಲೆ ಬಂದು ನಿಲ್ಲುತ್ತದೆ, ಪರದೆಯಲ್ಲಿ ತೂಕ ಬರುತ್ತದೆ. ಅವನು ಲಾರಿಯ ನಂಬರು ಒತ್ತಿ ಕಳಿಸುತ್ತಾನೆ. ಅದು ತಂತಿಯಲ್ಲಿ ದೊಡ್ಡ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಸರಿ ಎಂದು ಬಂದರೆ ದೀಪ ಹಸಿರಾಗಿ ಅಡ್ಡಗೋಲು ತಾನೇ ಏಳುತ್ತದೆ. ಬರದಿದ್ದರೆ ಏಳುವುದಿಲ್ಲ. ನೆಟ್ ಹೋಯಿತೆಂದರೆ ಅತ್ತ ಕಚೇರಿಯೂ ಕಿವುಡು, ಇತ್ತ ಅಡ್ಡಗೋಲೂ ಹೆಳವ.

ನೆಟ್ ಹೋದಾಗ ಪರದೆಯ ಮೂಲೆಯಲ್ಲಿ ಒಂದು ಹಳದಿ ಗುರುತು ಬೀಳುತ್ತಿತ್ತು. ಅದರ ಮೇಲೆ ಮೌಸ್ ಒತ್ತಿದರೆ ರಿಪೇರಿ ಎಂಬ ಮಾತು ಕಾಣುತ್ತಿತ್ತು. ರಿಪೇರಿ ಒತ್ತಿದರೆ ಪಾಸ್‌ವರ್ಡ್ ಕೇಳುತ್ತಿತ್ತು. ಅವನದು ಚಿಕ್ಕ ಖಾತೆ. ಚಿಕ್ಕ ಖಾತೆ ಎಂದರೆ ಮನೆಗೆ ಬಂದ ಹೊಸ ಸೊಸೆ ಇದ್ದ ಹಾಗೆ: ಬೇಯಿಸಬಹುದು, ಬಡಿಸಬಹುದು, ಉಗ್ರಾಣದ ಬೀಗ ಮುಟ್ಟುವಂತಿಲ್ಲ. ಬೀಗದ ಕೈ ಇದ್ದದ್ದು ಸಿಸ್ಟಂ ಸಾಹೇಬನ ಬಳಿ. ಅವನು ದೊಡ್ಡ ಕಚೇರಿಯಲ್ಲಿ ಕೂರುತ್ತಿದ್ದ. ಕಂಪ್ಯೂಟರಿನ ಪೆಟ್ಟಿಗೆಯನ್ನೇ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದ, ಯಾರೂ ತಂತಿ ಕೀಳದಿರಲಿ ಎಂದು. ಹೊರಗಿದ್ದದ್ದು ಪರದೆ, ಕೀಲಿಮಣೆ, ಮೌಸ್ ಮಾತ್ರ. ಕಂಪ್ಯೂಟರನ್ನೇ ಆರಿಸಿ ಹಾಕೋಣವೆಂದರೆ ತೂಕದ ಪ್ರೋಗ್ರಾಂ ತೆರೆಯಲು ಮ್ಯಾನೇಜರೇ ಬಂದು ತಮ್ಮ ಗುಟ್ಟಿನ ಪದ ಒತ್ತಬೇಕು. ಅವರು ಬರುವುದು ಅವರ ಮರ್ಜಿ.

ಒಂದು ಸಲ ಕರೆಂಟು ಹೋಗಿ ಬಂತು. ಬಂದ ಕೂಡಲೇ ನೆಟ್ಟೂ ಬಂತು. ಅವನಿಗೆ ಅಷ್ಟು ಸಾಕಾಯಿತು. ಹೊರಗೋಡೆಯ ಮೇಲಿದ್ದ ನೆಟ್‌ನ ಡಬ್ಬಕ್ಕೆ ಪಂಜರ, ಬೀಗ ಎಲ್ಲ ಇದ್ದವು, ಆದರೆ ಕರೆಂಟಿನ ಸ್ವಿಚ್ ಪಂಜರದ ಹೊರಗೆ ಕೆಳಗಡೆ ಉಳಿದಿತ್ತು. ಅದನ್ನು ಆರಿಸಿ ಹಾಕಿದರೆ ಹತ್ತಕ್ಕೆ ಒಂಬತ್ತು ಸಲ ನೆಟ್ ಬರುತ್ತಿತ್ತು. ಯಾಕೆ ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಡಬ್ಬಕ್ಕೆ ಮಂಪರು ಹಿಡಿಯುತ್ತದೆ, ಒಂದು ಸಲ ತಟ್ಟಿ ಎಬ್ಬಿಸಬೇಕು ಎನ್ನುತ್ತಿದ್ದ. ಕೈಯಿಂದ ಮಾಡುವ ಕೆಲಸಕ್ಕೆ ಪಾಸ್‌ವರ್ಡ್ ಬೇಡ ಎಂದೂ ಎನ್ನುತ್ತಿದ್ದ. ಅದನ್ನು ದೊಡ್ಡ ಜಾಣತನದ ಮಾತೆಂದು ತಿಳಿದಿದ್ದ.

ಆ ದಿನ ಅವನು ಏಣಿ ಇಳಿಯುವಷ್ಟರಲ್ಲಿ ಮ್ಯಾನೇಜರು ಬಂದು ನಿಂತಿದ್ದರು. ಅವಳು ಡಬ್ಬಿ ಹಿಡಿದು ಗೋಡೆಗೆ ಒತ್ತಿಕೊಂಡಳು.

"ಅದನ್ನ ಮುಟ್ಟೋಕೆ ನಿಂಗೆ ಯಾರು ಹೇಳಿದ್ದು?"

"ಲೈನು ರಸ್ತೆಗೆ ಹೋಗಿತ್ತು ಸಾರ್. ಸಿಸ್ಟಂ ಸಾಹೇಬ್ರು ಫೋನ್ ಎತ್ತಲಿಲ್ಲ."

"ಎತ್ತೋವರೆಗೂ ಮಾಡು. ನಿನ್ನ ಬೆರಳೇನು ಸವೆಯುತ್ತಾ?"

ಏಣಿಯನ್ನು ಒಯ್ದು ಉಗ್ರಾಣದಲ್ಲಿ ಹಾಕಿ ಬೀಗ ಹಾಕುವಂತೆ ಹಮಾಲರಿಗೆ ಹೇಳಿದರು. ಹಮಾಲರು ಏಣಿಯನ್ನು ಹೆಣ ಹೊತ್ತ ಹಾಗೆ ಹೊತ್ತು, ಅಳುವ ದನಿ ಮಾಡಿಕೊಂಡು ಹೋದರು. ಆಮೇಲೆ ಮ್ಯಾನೇಜರು ಅವನ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ಇನ್ನೊಂದ್ಸಲ ಅದನ್ನ ಮುಟ್ಟಿದ್ರೆ ಕುರ್ಚಿ ಬಿಡು. ಇನ್ನೊಂದ್ಸಲ ಲಾರಿ ರಸ್ತೆಗೆ ನಿಂತ್ರೂ ಕುರ್ಚಿ ಬಿಡು. ಮೂಟೆ ಕಾಯ್ತಾ ಇದೆ."

ಅತ್ತ ದರಿ, ಇತ್ತ ಪುಲಿ. ಅವನು ಆಯ್ತು ಸಾರ್ ಎಂದ. ಎರಡಕ್ಕೂ ಒಂದೇ ಸಲ ಆಯ್ತು ಸಾರ್ ಎಂದ. ಅವಳು ಎರಡನ್ನೂ ಕೇಳಿಸಿಕೊಂಡಳು.

ಸಂಜೆ ಮನೆಯಲ್ಲಿ ಅವನು ಮ್ಯಾನೇಜರರನ್ನು ಬಾಯಿಗೆ ಬಂದಂತೆ ಬೈದ, ಅವರ ನಡೆಯನ್ನು ಅಣಕಿಸಿ ತಾಯಿಯನ್ನು ನಗಿಸಿದ. ಆ ಮುದುಕಿ ಮಗ ಏನು ಮಾಡಿದರೂ ನಗುವವಳು, ಸೊಸೆ ಏನು ಮಾಡಿದರೂ ಮುಖ ಗಂಟಿಕ್ಕುವವಳು. ಅವನು ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡ. ಹಚ್ಚುವಾಗ ನಿನ್ನ ಕೈಯೋ ಕಲ್ಲೋ ಎಂದು ಹೆಂಡತಿಯ ಮೇಲೆ ರೇಗಿದ. ಬೆಳಿಗ್ಗೆ ಶರಟಿನ ಇಸ್ತ್ರಿ ಸರಿಯಿಲ್ಲವೆಂದು ಜಗಳ ತೆಗೆದ. ಚಪ್ಪಲಿ ಮೆಟ್ಟಿ, ಡಬ್ಬಿ ಬೇಗ ತಾ ಎಂದು ಹೊರಟ. ಅವಳು ಬೆನ್ನು ತಿರುಗಿಸಿ ಒಳಗೆ ಹೋದಳು.

ಆ ದಿನವೂ ನೆಟ್ ಹೋಯಿತು.

ಅವನು ಸಿಸ್ಟಂ ಸಾಹೇಬನಿಗೆ ಫೋನು ಹಚ್ಚಿದ್ದು, ಬೇಡಿದ್ದು, ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಚಹಾದವನ ಕಿವಿಗೆ ಬಿದ್ದಿತ್ತು. ಅವನೇ ಆಮೇಲೆ ಅವಳಿಗೆ ಹೇಳಿದ. ಸಾಹೇಬರೇ, ನೀವು ಬರುವುದು ಬೇಡ, ಪಾಸ್‌ವರ್ಡ್ ಒಂದು ಹೇಳಿಬಿಡಿ, ನಾನು ಒತ್ತಿ ಮರೆತುಬಿಡುತ್ತೇನೆ ಎಂದನಂತೆ. ಸಾಹೇಬ ನಕ್ಕದ್ದು ಫೋನಿನಿಂದ ಆಚೆಗೂ ಕೇಳಿಸಿತಂತೆ. ಬೇಕಾದರೆ ನನ್ನ ಹೆಂಡತಿಯ ಒಡವೆ ಕೇಳು ಕೊಡುತ್ತೇನೆ, ಪಾಸ್‌ವರ್ಡ್ ಕೇಳಬೇಡ, ಊಟ ಮುಗಿಸಿ ನೋಡುತ್ತೇನೆ ಎಂದು ಇಟ್ಟನಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ. ಇಲ್ಲಿ ದೇವರೂ ಅವನೇ, ಪೂಜಾರಿಯೂ ಅವನೇ.

ಸಾಲು ಬೆಳೆಯಿತು. ಕೊನೆಯ ಲಾರಿಯ ಹಿಂಗಾಲಿ ರಸ್ತೆ ತುಳಿಯಿತು. ಒಬ್ಬ ಚಾಲಕ ಕಿಟಕಿಗೆ ಬಂದು, ಲಾರಿಯಲ್ಲಿರುವುದು ತರಕಾರಿ, ಕೊಳೆತರೆ ನಿನ್ನ ತಲೆಗೇ ಸುರಿಯುತ್ತೇನೆ ಎಂದ. ಇನ್ನೊಬ್ಬ ಮ್ಯಾನೇಜರರ ಕೋಣೆ ಎಲ್ಲಿ ಎಂದು ಕೇಳಿದ. ಆ ಮಾತು ಕೇಳಿದ್ದೇ ತೂಕಪ್ಪ ಕುರ್ಚಿಯಿಂದ ಎದ್ದ.

ಏಣಿ ಇರಲಿಲ್ಲ. ಹಲಗೆಯ ಮೇಲೆ ಲಾರಿ ನಿಂತಿತ್ತು. ಗೋಡೆಗೆ ಹತ್ತಿಕೊಂಡೇ ನಿಂತಿತ್ತು. ಮೂಟೆ ಏರಿಸಿ ಹಗ್ಗ ಬಿಗಿದ ಲಾರಿ. ಅದರ ನೆತ್ತಿ ಸ್ವಿಚ್ಚಿನ ಮಟ್ಟಕ್ಕಿತ್ತು. ಚಾಲಕ ಹೊಸಬ, ಚಹಾದ ಗಾಡಿಯ ಹತ್ತಿರ ಹೋಗಿದ್ದ. ಅವನ ಲಾರಿಯ ನಂಬರನ್ನು ಆಗಲೇ ಒತ್ತಿ ಕಳಿಸಿಯಾಗಿತ್ತು, ಕಚೇರಿಯಿಂದ ಸರಿ ಎಂದು ಬರುವುದೊಂದೇ ಬಾಕಿ. ತೂಕಪ್ಪ ಲಾರಿಯ ಹಿಂದಿನ ಕಬ್ಬಿಣದ ಮೆಟ್ಟಿಲು ಹಿಡಿದು, ನಡು ಹಿಡಿದುಕೊಂಡು, ನರಳುತ್ತ ಮೇಲೆ ಹತ್ತಿದ. ಹತ್ತಿದ್ದನ್ನು ಹಮಾಲರು ನೋಡಿದರು. ಚಾಲಕ ನೋಡಲಿಲ್ಲ.

ಸ್ವಿಚ್ ಆರಿಸಿದ. ಕಾದ. ಹಾಕಿದ.

ಅಷ್ಟರಲ್ಲಿ ಚಾಲಕ ಆ ಕಡೆಯ ಬಾಗಿಲಿನಿಂದ ಹತ್ತಿ ಕೂತಿದ್ದ. ಹಿಂದೆ ಹಾರ್ನುಗಳ ಗದ್ದಲ, ಒಳಗೆ ರೇಡಿಯೋದಲ್ಲಿ ಹಾಡು. ನೆಟ್ ಬಂತು. ದೀಪ ಹಸಿರಾಯಿತು. ಅಡ್ಡಗೋಲು ಎದ್ದಿತು. ಹಸಿರು ಕಂಡ ಮೇಲೆ ಯಾವ ಚಾಲಕ ನಿಲ್ಲುತ್ತಾನೆ? ಅವನು ಹೊರಟ.

ತೂಕಪ್ಪ ಮೂಟೆಗಳ ಮೇಲೆ ಕುಕ್ಕರಿಸಿದ, ಹಗ್ಗ ಹಿಡಿದುಕೊಂಡ. ನಿಲ್ಲಿಸೋ ಎಂದು ಕೂಗಿದ. ಕೂಗನ್ನು ಕೇಳಿದವರು ಹಮಾಲರು. ಅವರಿಗೆ ನಗು ತಡೆಯಲಿಲ್ಲ. ಇಸ್ತ್ರಿ ಶರಟು, ಕಿಸೆಯಲ್ಲಿ ಪೆನ್ನು, ಮೂಟೆಯ ಮೇಲೆ ತೂಕಪ್ಪ.

"ಮದುಮಗ ಹೊರಟ! ದಾರಿ ಬಿಡ್ರೋ!"

ಒಬ್ಬ ಶಿಳ್ಳೆ ಹಾಕಿದ. ಇನ್ನೊಬ್ಬ ಟವೆಲ್ ಬೀಸಿದ. ತೂಕಪ್ಪ ಅವರ ಕಡೆ ತಿರುಗಿ ಬೈಯತೊಡಗಿದ. ಚಾಲಕನನ್ನು ನಿಲ್ಲಿಸುವುದನ್ನು ಬಿಟ್ಟು ಅವರನ್ನು ಬೈಯತೊಡಗಿದ. ಹೊರಗೇಟಿನಲ್ಲಿ, ಎತ್ತರದ ಲೋಡು ದಾಟಬಾರದೆಂದು ಹಾಕಿದ ಕಬ್ಬಿಣದ ತೊಲೆ ಇತ್ತು. ಅದಕ್ಕೆ ಅವನ ಬೆನ್ನಿತ್ತು. ಹಮಾಲರಿಗೆ ತೊಲೆ ಕಾಣುತ್ತಿತ್ತು. ಕಂಡ ಮೇಲೂ ಒಂದು ಗಳಿಗೆ ನಗು ಬಾಯಲ್ಲೇ ಉಳಿದಿತ್ತು ಎಂದು ಚಹಾದವನು ಹೇಳಿದ. ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ. ಅವನೂ ನಕ್ಕಿದ್ದ.

ಅವಳು ಡಬ್ಬಿ ಹಿಡಿದು ತಿರುವಿಗೆ ಬಂದಾಗ ಹಾರ್ನಿನ ಸದ್ದು ಇರಲಿಲ್ಲ. ನೆಟ್ ಇದೆ, ಒಳ್ಳೆಯದಾಯಿತು ಎಂದುಕೊಂಡಳು. ಹತ್ತಿರ ಬಂದರೆ ಲಾರಿಗಳೆಲ್ಲ ನಿಂತೇ ಇದ್ದವು. ಚಾಲಕರು ಕೆಳಗಿಳಿದಿದ್ದರು. ಅವಳನ್ನು ಕಂಡು ದಾರಿ ಬಿಟ್ಟರು. ದಾರಿ ಬಿಟ್ಟದ್ದರಿಂದಲೇ ಅವಳಿಗೆ ತಿಳಿಯಿತು.

ಮ್ಯಾನೇಜರು ಮೊದಲು ಹೇಳಿದ ಮಾತು ಅವಳಿಗಲ್ಲ, ಗೇಟಿನವನಿಗೆ. ಹೆಣ ಪಕ್ಕಕ್ಕೆ ತೆಗೆದು ಲಾರಿ ಬಿಡಿ, ಸಾಲು ರಸ್ತೆಗೆ ಹೋಗಿದೆ ಎಂದರು.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಉಳಿದದ್ದು ಎರಡು ಹೆಂಗಸರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ಅಳುವಳು, ಅಳು ನಿಲ್ಲಿಸಿ ಒಲೆ ಹಚ್ಚಿದೆಯಾ ಎಂದು ಕೇಳುವಳು, ಮತ್ತೆ ಅಳುವಳು. ದುಡಿಯುವ ಕೈ ಒಂದೇ ಇತ್ತು, ಅದು ಹೋಗಿತ್ತು. ಅವಳು ಯಾರದಾದರೂ ಮನೆಯಲ್ಲಿ ಪಾತ್ರೆ ತಿಕ್ಕುತ್ತೇನೆ ಎಂದಳು. ಅತ್ತೆ ಬೇಡವೆಂದಳು. ಪಾತ್ರೆ ತಿಕ್ಕಿದರೆ ಒಂದು ಹೊಟ್ಟೆ ತುಂಬುತ್ತದೆ, ನಾನೆಲ್ಲಿ ಹೋಗಲಿ ಎಂದಳು.

ಆಗ ಮ್ಯಾನೇಜರು ಹೇಳಿಕಳಿಸಿದರು. ಅವಳು ಹೋದಳು. ಕೂರು ಎನ್ನಲಿಲ್ಲ. ದೊಡ್ಡ ಕಚೇರಿಯಿಂದ ವಿಚಾರಣೆಗೆ ಒಬ್ಬರು ಬರುತ್ತಾರೆ, ನಿನ್ನನ್ನೂ ಕೇಳುತ್ತಾರೆ ಎಂದರು. ನಿನಗೆ ಅಂಕಿ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದಳು. ಬಸ್ಸಿನ ನಂಬರು, ಬಾಗಿಲ ನಂಬರು ಓದುವಷ್ಟು ಬರುತ್ತಿತ್ತು.

"ಕುರ್ಚಿ ಖಾಲಿ ಇದೆ" ಎಂದರು. "ನಿನ್ನನ್ನ ಕೂರಿಸಬಹುದು. ಆದ್ರೆ ಅವನು ನಮ್ಮ ಮಾತು ಕೇಳಿ ಹತ್ತಿದ ಅಂತಾದ್ರೆ ನಾನೂ ಇಲ್ಲಿರಲ್ಲ, ಕುರ್ಚೀನೂ ಇರಲ್ಲ. ಮುಟ್ಟಬೇಡ ಅಂದಿದ್ದೆ. ನೀನೇ ಕೇಳಿದೀಯಲ್ಲಮ್ಮ. ಕೇಳಿದ್ದನ್ನ ಹೇಳು, ಸಾಕು. ಸುಳ್ಳು ಹೇಳು ಅಂತ ನಾನು ಹೇಳ್ತಿಲ್ಲ."

ಅವಳು ಕೇಳಿದ್ದು ಎರಡು ಮಾತು. ಅವರಿಗೆ ಬೇಕಾದದ್ದು ಒಂದು.

ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆ ಅಳು ನಿಲ್ಲಿಸಿದಳು. ಮೂಗು ಒರೆಸಿಕೊಂಡಳು.

"ಹೇಳ್ಬಿಡು. ಸತ್ತೋನಿಗೆ ಹೊಟ್ಟೆ ಇಲ್ಲ, ನಮಗಿದೆ."

"ನಿಮ್ಮ ಮಗನದೇ ತಪ್ಪು ಅಂತಾಗುತ್ತೆ ಅತ್ತೆ."

"ಆಗ್ಲಿ. ಅವನೇನು ಬಂದು ಕೇಳ್ತಾನಾ?"

ವಿಚಾರಣೆಯ ಸಾಹೇಬರು ತೂಕದ ಮನೆಯಲ್ಲೇ, ಅವನ ಕುರ್ಚಿಯಲ್ಲೇ ಕುಳಿತಿದ್ದರು. ಮ್ಯಾನೇಜರು ಪಕ್ಕದಲ್ಲಿ ನಿಂತಿದ್ದರು. ಸಿಸ್ಟಂ ಸಾಹೇಬನೂ ಬಂದಿದ್ದ, ಫೋನು ನೋಡುತ್ತಿದ್ದ. ಬಾಗಿಲಾಚೆ ಹಮಾಲರು ಗುಂಪುಕಟ್ಟಿದ್ದರು. ನಕ್ಕ ವಿಷಯ ಯಾರಾದರೂ ಎತ್ತಿದರೆ ಎಂದು ಅವರಿಗೂ ಹೆದರಿಕೆಯಿತ್ತು. ಚಾಲಕನ ವಿಚಾರಣೆ ಮೊದಲೇ ಮುಗಿದಿತ್ತು. ಹಸಿರು ಕಂಡೆ, ಹೊರಟೆ ಎಂದಿದ್ದ. ಅವನ ತಪ್ಪೇನೂ ಇಲ್ಲವೆಂದು ಎಲ್ಲರೂ ಒಪ್ಪಿದ್ದರು. ತಪ್ಪು ಯಾರ ತಲೆಗಾದರೂ ಕಟ್ಟಲೇಬೇಕು. ತಲೆಯೇ ಉಳಿಯದವನಿಗೆ ಕಟ್ಟಿದರೆ ಎಲ್ಲರಿಗೂ ಹಗುರ.

ಸಾಹೇಬರು ಒಳ್ಳೆಯ ಮಾತಿನಲ್ಲೇ ಕೇಳಿದರು. ಹೆದರಬೇಡಮ್ಮ ಎಂದರು. ನೀರು ತರಿಸಿದರು. ಹಿಂದಿನ ದಿನ ನೀವು ಇಲ್ಲೇ ಇದ್ದಿರಂತೆ, ಏನು ಕೇಳಿದಿರಿ ಎಂದರು.

"ಆ ಸ್ವಿಚ್ ಮುಟ್ಟಬೇಡ ಅಂದ್ರು."

"ಅವರೇನಂದ್ರು, ನಿಮ್ಮ ಯಜಮಾನ್ರು?"

"ಆಯ್ತು ಸಾರ್ ಅಂದ್ರು."

"ಮತ್ತೇನಾದ್ರೂ ಮಾತಾಯ್ತಾ? ನೆಟ್ ಬರಿಸಲೇಬೇಕು, ಸಾಲು ನಿಲ್ಲಬಾರದು, ಹಂಗೇನಾದ್ರೂ?"

ಅವಳು ನೀರಿನ ಲೋಟ ಕೆಳಗಿಟ್ಟಳು. ಮ್ಯಾನೇಜರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ಇಲ್ಲ."

"ಯಾರೂ ಹತ್ತು ಅಂತ ಹೇಳಲಿಲ್ಲ?"

"ಇಲ್ಲ. ಅವರೇ ಹತ್ತಿದ್ದು. ಅವರಿಗೆ ಯಾರ ಮಾತೂ ಕೇಳಿ ಅಭ್ಯಾಸ ಇರಲಿಲ್ಲ."

ಕೊನೆಯ ಮಾತು ಹೇಳೆಂದು ಯಾರೂ ಕೇಳಿರಲಿಲ್ಲ. ಅವಳೇ ಸೇರಿಸಿದಳು. ಸೇರಿಸಿದರೆ ನಂಬುತ್ತಾರೆ ಎಂದು ಅವಳಿಗೆ ತಿಳಿದಿತ್ತು. ನಂಬಿದರು. ಬಾಗಿಲಾಚೆ ಹಮಾಲರು ಉಸಿರು ಬಿಟ್ಟದ್ದು ಒಳಗೆ ಕೇಳಿಸಿತು. ಅವರಲ್ಲಿ ಒಬ್ಬ, ಹೌದು ಸಾರ್, ಹಟಮಾರಿ ಮನುಷ್ಯ ಎಂದ. ಸಾಹೇಬರು ಎದ್ದರು. ಮ್ಯಾನೇಜರು ಅವರನ್ನು ಕಾರಿನವರೆಗೆ ಬಿಟ್ಟು ಬಂದು, ನಾಳೆಯಿಂದ ಬಾ ಎಂದರು.

ಅಂದೇ ಸಂಜೆಯಿಂದ ಅತ್ತೆ ಶುರುಮಾಡಿದಳು. ನೆರೆಯವರು ಬಂದು ಕೂತರೆ ಸಾಕು, ಗೋಡೆಗೆ ಹೇಳುವ ಹಾಗೆ ಹೇಳುವಳು. "ನನ್ನ ಮಗನ್ನ ಒಂದು ಕುರ್ಚಿಗೆ ಮಾರಿದ್ಳು ಕಣ್ರೀ. ಮಣ್ಣು ಇನ್ನೂ ಹಸಿ ಇತ್ತು." ನೆರೆಯವರು ಲೊಚಗುಟ್ಟುವರು. ಅವಳು ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುವಳು. ಆಮೇಲೆ ಅತ್ತೆಗೆ ತಟ್ಟೆ ಇಡುವಳು. ಅತ್ತೆ ಉಣ್ಣುವಳು. ಇನ್ನೊಂದು ಸ್ವಲ್ಪ ಹಾಕು ಎನ್ನುವಳು.

ಅವಳು ಕುರ್ಚಿಗೆ ಬಂದ ಮೊದಲ ದಿನ ಸಿಸ್ಟಂ ಸಾಹೇಬ ಬೀರುವಿನ ಬೀಗದ ಕೈ ಹಿಡಿದು ಬಂದ. ಫೋನಿನಲ್ಲಿ ನೂರು ಸಲ ಕರೆದರೂ ಬಾರದವನು ಅಂದು ತಾನಾಗಿ ಬಂದ. ವಿಚಾರಣೆಯಾದ ಮೇಲೆ ದೊಡ್ಡ ಕಚೇರಿಯಿಂದ ಹುಕುಂ ಬಂದಿತ್ತು, ಇನ್ನು ತೂಕದ ಮನೆಯವರು ನೆಟ್ ತಾವೇ ಸರಿಮಾಡಿಕೊಳ್ಳುವಂತಿರಬೇಕು ಎಂದು. ಅವನು ಕೂತು ತನ್ನ ಪಾಸ್‌ವರ್ಡ್ ಒತ್ತಿದ. ಒತ್ತುವಾಗ ಅವಳಿಗೆ ಕಾಣದ ಹಾಗೆ ಕೀಲಿಮಣೆಗೆ ಕೈ ಅಡ್ಡ ಹಿಡಿದ. ಒಂದು ಪಟ್ಟಿ ತೆರೆದ, ಏನನ್ನೋ ಸೇರಿಸಿದ, ಮುಚ್ಚಿದ. ಚಹಾದವನು ತಂದಿಟ್ಟ ಚಹಾ ಇನ್ನೂ ಕುಡಿಯಲಾರದಷ್ಟು ಬಿಸಿ ಇತ್ತು.

"ಮುಗೀತು. ಈಗ ಹಳದಿ ಬಂದ್ರೆ ಅದರ ಮೇಲೆ ಒತ್ತಿ, ರಿಪೇರಿ ಅನ್ನಿ. ಏನೂ ಕೇಳಲ್ಲ."

"ನಿಮ್ಮ ಪಾಸ್‌ವರ್ಡ್ ಬೇಡ್ವಾ?"

"ಬೇಡ. ಚಿಕ್ಕ ಖಾತೆ ಚಿಕ್ಕದೇ. ನೆಟ್ ನೋಡ್ಕೊಳ್ಳೋರು ಅಂತ ಒಂದು ಗುಂಪಿದೆ, ಅದಕ್ಕೆ ಹೆಸರು ಸೇರಿಸಿದೀನಿ ಅಷ್ಟೇ."

ಅವಳು, ಈ ಗುಂಪು ಈಗ ಹೊಸದಾಗಿ ಬಂದದ್ದೇ ಎಂದು ಕೇಳಿದಳು.

"ಇಲ್ಲಮ್ಮ. ಕಂಪ್ಯೂಟರ್ ಬಂದಾಗಿಂದ ಇದೆ."

"ಅವ್ರನ್ನ ಯಾಕೆ ಸೇರಿಸಲಿಲ್ಲ?"

ಅವನು ಚಹಾ ಊದಿದ. ನಿಜವಾಗಿಯೂ ಯೋಚನೆ ಮಾಡಿದ.

"ಅವ್ರು ಕೇಳಿದ್ದು ಪಾಸ್‌ವರ್ಡ್. ಯಾವಾಗ ಫೋನ್ ಮಾಡಿದ್ರೂ ಅದನ್ನೇ ಕೇಳೋರು. ಅದನ್ನ ಕೊಡೋಕಾಗುತ್ತಾ? ಇದನ್ನ ಕೇಳಿದ್ರೆ ಅವತ್ತೇ ಮಾಡಿಕೊಡ್ತಿದ್ದೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಇಂಥದೊಂದು ಗುಂಪಿದೆ ಎಂದು ತಿಳಿಯದವನು ಅದನ್ನು ಹೇಗೆ ಕೇಳುತ್ತಾನೆ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು. ನುಂಗಿದಳು. ಕುರ್ಚಿ ಹೊಸದು.

ಅವನು ಎದ್ದು ನಿಂತ ಮೇಲೆ ನೆನಪಾಗಿ ಹೇಳಿದ. ಅವಳ ಹೆಸರಿನಲ್ಲಿ ಖಾತೆ ತೆರೆಯಲು ಮೇಲಿನವರ ಒಪ್ಪಿಗೆ ಬೇಕು, ಅದು ಬರುವ ಹೊತ್ತಿಗೆ ಬರುತ್ತದೆ, ಅಲ್ಲಿಯವರೆಗೆ ಗಂಡನ ಹಳೆಯ ಖಾತೆಯಲ್ಲೇ ಕೂರಿ. ಗುಂಪಿಗೆ ಸೇರಿಸಿದ್ದೂ ಗಂಡನ ಹೆಸರನ್ನೇ. ಅಂದರೆ ತೂಕಪ್ಪನಿಗೆ ನೆಟ್ ರಿಪೇರಿ ಮಾಡುವ ಅನುಮತಿ ಸಿಕ್ಕಿತು.

ಒಪ್ಪಿಗೆ ಬರಲಿಲ್ಲ. ಅವಳು ಮೊದಮೊದಲು ಕೇಳಿದಳು, ಆಮೇಲೆ ಬಿಟ್ಟಳು. ಚಾಲಕರು ಅವಳನ್ನು ತೂಕಮ್ಮ ಎಂದು ಕರೆಯತೊಡಗಿದರು. ಹಮಾಲರು ಮೊದಲು ಅಕ್ಕ ಎಂದು ತಲೆ ತಗ್ಗಿಸಿದರು. ಅವಳು ಬಾಯಿ ಬಿಡುವುದಿಲ್ಲ ಎಂದು ಗಟ್ಟಿಯಾದ ಮೇಲೆ ಅವರೂ ತೂಕಮ್ಮ ಎಂದರು. ಟವೆಲ್ ಬೀಸಿದವನು ಒಂದು ದಿನ ಮಗಳ ಮದುವೆಗೆ ಕರೆಯಲು ಬಂದ. ಅವಳು ಅವನನ್ನು ಬಿಸಿಲಿನಲ್ಲಿ ನಿಲ್ಲಿಸಿಯೇ ಮಾತು ಕೇಳಿದಳು. ಲಾರಿಗಳೆಲ್ಲ ಹೋಗುವವರೆಗೆ ನಿಲ್ಲಿಸಿದಳು. ಆಮೇಲೆ, ಬರೋಕಾಗಲ್ಲ ಎಂದಳು. ಅವನು ಆಯ್ತಮ್ಮ ಎಂದು ಹೋದ. ಅವಳಿಗೆ ಆ ದಿನ ಊಟ ಚೆನ್ನಾಗಿ ಸೇರಿತು.

ರಾತ್ರಿಯೆಲ್ಲ ಸುಮ್ಮನಿದ್ದ ನೆಟ್ ಬೆಳಿಗ್ಗೆ ಎಂದೂ ತಾನಾಗಿ ಬರುವುದಿಲ್ಲ. ಈಗಲೂ ಹಾಗೆಯೇ. ಅವಳು ತೂಕದ ಮನೆಯ ಬೀಗ ತೆಗೆಯುತ್ತಾಳೆ, ಕಸ ಗುಡಿಸುತ್ತಾಳೆ, ಕಂಪ್ಯೂಟರ್ ಹಾಕುತ್ತಾಳೆ. ಪರದೆ ಖಾತೆಯ ಹೆಸರು ಕೇಳುತ್ತದೆ. ಅದು ಗಂಡನ ಹೆಸರು, ಹೆತ್ತವರಿಟ್ಟ ಹೆಸರು. ಬದುಕಿದ್ದಾಗ ಅವಳು ಅದನ್ನು ಬಾಯಿಬಿಟ್ಟು ಒಂದು ಸಲವೂ ಹೇಳಿದವಳಲ್ಲ. ಈಗ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾಳೆ. ಮ್ಯಾನೇಜರು ಬಂದು ಪ್ರೋಗ್ರಾಂ ತೆರೆದು ಹೋಗುತ್ತಾರೆ. ಮೊದಲ ಲಾರಿ ಹಲಗೆಗೆ ಬರುತ್ತದೆ. ನಂಬರು ಒತ್ತಿ ಕಳಿಸುತ್ತಾಳೆ. ಹಳದಿ ಬೀಳುತ್ತದೆ.

ಆಗ ಎದ್ದು ಹೊರಗೆ ಬಂದು ಲಾರಿಯನ್ನು ಒಂದು ಸುತ್ತು ಹಾಕುತ್ತಾಳೆ. ಕತ್ತು ಹಿಂದಕ್ಕೆ ಬಾಗಿಸಿ ಮೂಟೆಗಳ ನೆತ್ತಿ ನೋಡುತ್ತಾಳೆ. ಹೊಸ ಚಾಲಕರು, ಏನು ತೂಕಮ್ಮ, ಮೇಲೆ ಕಾಗೆ ಗೂಡು ಕಟ್ಟಿದ್ಯಾ ಎಂದು ನಗುತ್ತಾರೆ. ಹಳಬರು ನಗುವುದಿಲ್ಲ, ಬೇಗ ಮಾಡು ಎನ್ನುತ್ತಾರೆ. ಅವಳು ಒಳಗೆ ಬಂದು ಕೂತು ರಿಪೇರಿ ಒತ್ತುತ್ತಾಳೆ.